ಅಂಗಾಲಿನ ಆಣಿ, ಉಗುರಿನ ಕಪ್ಪು ಗೆರೆ, ಮಾಯದ ಗಾಯ: ಚರ್ಮದ ಕ್ಯಾನ್ಸರ್ ಅನುಮಾನ ಬಂದರೆ ಏನು ಮಾಡಬೇಕು?

"ಡಾಕ್ಟ್ರೇ, ನಮ್ಮಂಥ ಕಪ್ಪು ಮೈಯವರಿಗೂ ಚರ್ಮದ ಕ್ಯಾನ್ಸರ್ ಬರುತ್ತದಾ?" ಚರ್ಮರೋಗ ವೈದ್ಯೆಯಾದ ನನಗೆ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಒಂದು ಫೋಟೊ ಬರುತ್ತದೆ. ಹೆಬ್ಬೆರಳ ಉಗುರಿನ ಕಪ್ಪು ಗೆರೆ, ಇಲ್ಲವೇ ಅಂಗಾಲಿನಲ್ಲಿ ಶಾಯಿ ಚೆಲ್ಲಿದ ಹಾಗಿರುವ ಕಲೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹೇಳುತ್ತಿದ್ದೇನೆ.

ಬರುತ್ತದೆ, ಆದರೆ ಅಪರೂಪ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರಿಗೆ ಮೆಲನೋಮಾ ಎನ್ನುತ್ತಾರೆ. ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಅಪಾಯಕಾರಿ ಇದೇ. ಭಾರತದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಇದು ಬರುತ್ತದೆ. ತೊಂದರೆ ಏನೆಂದರೆ, ಬಿಳಿಯರ ನಾಡುಗಳಲ್ಲಿ ಇದು ಬಿಸಿಲು ಬಿದ್ದ ಬೆನ್ನಿನಲ್ಲಿ, ಕಾಲಿನ ಮೀನಖಂಡದಲ್ಲಿ ಕಾಣಿಸಿದರೆ ನಮ್ಮಲ್ಲಿ ಅಂಗಾಲು, ಅಂಗೈ, ಉಗುರಿನ ಬುಡದಂಥ ಜಾಗಗಳಲ್ಲಿ ಅಡಗಿ ಕೂರುತ್ತದೆ. ಇಂಥದ್ದಕ್ಕೆ ಏಕ್ರಲ್ ಮೆಲನೋಮಾ, ಅಂದರೆ ಕೈಕಾಲುಗಳ ತುದಿಯ ಮೆಲನೋಮಾ ಎಂದು ಹೆಸರು. ಬಿಸಿಲಿಗೂ ಇದಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ. ಹಾಗಾಗಿ ರೋಗಿಗೂ ಅನುಮಾನ ಬರುವುದಿಲ್ಲ, ಎಷ್ಟೋ ಸಲ ವೈದ್ಯರಿಗೂ ಬರುವುದಿಲ್ಲ. ಜಮೈಕಾದ ಗಾಯಕ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳ ಉಗುರಿನಡಿ ಪತ್ತೆಯಾದದ್ದು ಇದೇ ಕ್ಯಾನ್ಸರ್. ಮೊದಲು ಅದನ್ನು ಫುಟ್ಬಾಲ್ ಆಡುವಾಗ ಆದ ಪೆಟ್ಟು ಎಂದುಕೊಂಡಿದ್ದರು. 1981ರ ಮೇ 11ರಂದು ಅವರು ತೀರಿಕೊಂಡಾಗ ವಯಸ್ಸು 36.

ಈ ಬರಹ ಓದಿ ನಿಮಗೆ ನೀವೇ ರೋಗ ನಿರ್ಧರಿಸಿಕೊಳ್ಳಬೇಡಿ. ಯಾವುದನ್ನು ತೋರಿಸಬೇಕು, ಎಷ್ಟು ಬೇಗ ತೋರಿಸಬೇಕು, ಅಲ್ಲಿ ಏನು ಕೇಳಬೇಕು ಎಂಬುದಷ್ಟೇ ಇಲ್ಲಿದೆ.

ಬೇಕಾದದ್ದು

ಕಿಟಕಿಯ ಹಗಲು ಬೆಳಕು, ಒಂದು ಕೈಗನ್ನಡಿ, ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲು, ಮೊಬೈಲ್ ಫೋನು. ಬಗ್ಗಲಾಗದ ಹಿರಿಯರಿಗೆ ಮನೆಯವರು ಯಾರಾದರೂ ಜೊತೆಗಿರಲಿ. ಕಾಲನ್ನು ಸೋಪು ಹಾಕಿ ತೊಳೆದು, ಉಗುರುಬಣ್ಣ ಇದ್ದರೆ ತೆಗೆದು, ಬೆರಳ ಸಂದುಗಳನ್ನು ಒರೆಸಿಕೊಂಡು ಕೂರಿ.

ಹಂತ 1: ನೋಡದ ಜಾಗಗಳನ್ನು ನೋಡಿ

ಅಂಗಾಲು, ಹಿಮ್ಮಡಿ, ಬೆರಳ ಸಂದು, ಇಪ್ಪತ್ತೂ ಉಗುರು, ಅಂಗೈ. ಆಮೇಲೆ ಬಾಯಿಯ ಒಳಗೆ ಅಂಗುಳ ಮತ್ತು ಒಸಡು. ಹಳೆಯ ಸುಟ್ಟ ಕಲೆಗಳು. ಸೀರೆ ಉಡುವವರು, ಪಂಚೆ ಉಡುವವರು ಸೊಂಟದ ಸುತ್ತ.

ಮೊದಲೇ ಒಂದು ಸಮಾಧಾನದ ಮಾತು ಹೇಳುತ್ತೇನೆ. ನಮ್ಮ ಮೈಬಣ್ಣದವರ ಅಂಗಾಲಿನಲ್ಲಿ ಅಲ್ಲಲ್ಲಿ ತೆಳು ಕಂದು ಚುಕ್ಕೆ, ಒಸಡಿನಲ್ಲಿ ಕಪ್ಪು ಛಾಯೆ, ನಾಲ್ಕಾರು ಉಗುರುಗಳಲ್ಲಿ ನಸುಗಂದು ಗೆರೆ ಇರುವುದು ಸಹಜ. ಎಷ್ಟೋ ವರ್ಷದಿಂದ ಹಾಗೇ ಇದ್ದು, ಬದಲಾಗದೆ, ಎರಡೂ ಕಾಲಿನಲ್ಲಿ ಒಂದೇ ತರಹ ಇದ್ದರೆ ಗಾಬರಿ ಬೇಡ. ಮೈಮೇಲಿನ ಬೇರೆ ಯಾವುದನ್ನೂ ಹೋಲದ ಒಂಟಿ ಕಲೆ ಇದ್ದರೆ ಅದನ್ನು ಗಮನವಿಟ್ಟು ನೋಡಿ.

ಅಂಗಾಲಿನ ಕಪ್ಪೆಲ್ಲ ಮಚ್ಚೆಯೂ ಅಲ್ಲ. ಒಡೆದ ಹಿಮ್ಮಡಿಗೆ ಗೇರೆಣ್ಣೆ ಹಚ್ಚುವ ರೂಢಿ ಕರಾವಳಿಯಲ್ಲೂ ಮಲೆನಾಡಿನಲ್ಲೂ ಇದೆ. ಅದರ ಕಪ್ಪು, ಮದರಂಗಿಯ ಕಲೆ, ಹಸಿ ಅಡಿಕೆ ಸುಲಿದವರ ಬೆರಳಿಗೆ ಹತ್ತಿದ ಕರೆ, ಇವೆಲ್ಲ ಚರ್ಮದ ಮೇಲ್ಪದರ ಸವೆದ ಹಾಗೆ ಕೆಲವು ವಾರಗಳಲ್ಲಿ ಹೋಗುತ್ತವೆ. ಓಡುವವರ, ಆಡುವವರ ಹಿಮ್ಮಡಿಯಲ್ಲಿ ಕರಿಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆಗಳು ಕಂಡರೆ ಅದು ಒಳಗೆ ಹೆಪ್ಪುಗಟ್ಟಿದ ರಕ್ತ ಇರಬಹುದು. ವೈದ್ಯರು ಬ್ಲೇಡಿನಿಂದ ಮೇಲ್ಪದರ ಹೆರೆದರೆ ಅದು ಪುಡಿಯಾಗಿ ಉದುರುತ್ತದೆ. ಮಚ್ಚೆಯ ಬಣ್ಣ ಹಾಗೆ ಉದುರುವುದಿಲ್ಲ. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ.

ಹಂತ 2: ಮಚ್ಚೆಯನ್ನು ಅಳೆಯಿರಿ, ಫೋಟೊ ತೆಗೆಯಿರಿ

ಎ, ಬಿ, ಸಿ, ಡಿ, ಇ ಎಂಬ ಸೂತ್ರವನ್ನು ನೀವು ಓದಿರಬಹುದು. ಮಚ್ಚೆಯ ಎರಡು ಅರ್ಧ ಒಂದೇ ತರಹ ಇಲ್ಲದಿರುವುದು, ಅಂಚು ಹರಿದಂತಿರುವುದು, ಒಂದೇ ಮಚ್ಚೆಯಲ್ಲಿ ಹಲವು ಬಣ್ಣ, 6 ಮಿಲಿಮೀಟರಿಗಿಂತ ಹೆಚ್ಚು ಅಗಲ, ಮತ್ತು ಬದಲಾಗುತ್ತಿರುವುದು. ಈ ಐದರಲ್ಲಿ ನಾನು ಹೆಚ್ಚು ತೂಕ ಕೊಡುವುದು ಕೊನೆಯದಕ್ಕೆ. ಮೂವತ್ತು ವರ್ಷದಿಂದ ಹಾಗೇ ಇರುವ ದೊಡ್ಡ ಮಚ್ಚೆಗಿಂತ ಆರು ತಿಂಗಳಲ್ಲಿ ಹುಟ್ಟಿ ಬೆಳೆಯುತ್ತಿರುವ ಸಣ್ಣದನ್ನು ಮೊದಲು ತೋರಿಸಬೇಕು.

ಈ ಸೂತ್ರ ಕೈಕೊಡುವ ಸಂದರ್ಭವೂ ಇದೆ. ಗಂಟಿನ ಹಾಗೆ ಬೆಳೆಯುವ ಮೆಲನೋಮಾ ದುಂಡಗೆ, ಒಂದೇ ಬಣ್ಣದಲ್ಲಿ, ಸಣ್ಣದಾಗಿಯೇ ಇರಬಹುದು. ಉಬ್ಬಿದೆ, ಮುಟ್ಟಿದರೆ ಗಟ್ಟಿ, ಒಂದು ತಿಂಗಳಿಗೂ ಹೆಚ್ಚು ಕಾಲದಿಂದ ಬೆಳೆಯುತ್ತಲೇ ಇದೆ ಎಂದರೆ ಸೂತ್ರ ಹೊಂದದಿದ್ದರೂ ತೋರಿಸಿ.

ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲು ಇರಲಿ. ದೂರದಿಂದ ಒಂದು, ಹತ್ತಿರದಿಂದ ಒಂದು. ಅನುಮಾನ ಬಲವಾಗಿದ್ದರೆ ಫೋಟೊ ತೆಗೆಯುತ್ತಾ ತಿಂಗಳುಗಟ್ಟಲೆ ಕಾಯುವುದು ತಪ್ಪು.

ಹಂತ 3: ಉಗುರು

ಹೆಚ್ಚು ಪ್ರಶ್ನೆ ಬರುವುದು ಇದರ ಬಗ್ಗೆ. ಹಾಗಾಗಿ ತುಸು ವಿವರವಾಗಿಯೇ ಹೇಳುತ್ತೇನೆ.

ಉಗುರು ಹುಟ್ಟುವುದು ಬುಡದ ಚರ್ಮದ ಅಡಿಯಲ್ಲಿರುವ ಬೇರಿನಲ್ಲಿ. ಆ ಬೇರಿನ ಒಂದು ಚುಕ್ಕೆಯಷ್ಟು ಜಾಗದಲ್ಲಿ ಬಣ್ಣದ ಕೋಶಗಳು ಚುರುಕಾದರೂ ಸಾಕು, ಉಗುರು ಬೆಳೆದಂತೆಲ್ಲ ಅದು ಬುಡದಿಂದ ತುದಿಗೆ ಉದ್ದ ಗೆರೆಯಾಗಿ ಮೂಡುತ್ತದೆ. ಹೆಚ್ಚಿನ ಗೆರೆಗಳು ನಿರುಪದ್ರವಿ. ಕೆಳಗಿನವು ಅನುಮಾನದ ಗುರುತುಗಳು:

- ವಯಸ್ಕರಲ್ಲಿ ಒಂದೇ ಒಂದು ಉಗುರಿನಲ್ಲಿ ಹೊಸದಾಗಿ ಮೂಡಿದ ಗೆರೆ. ಕೈ ಹೆಬ್ಬೆರಳು, ಕಾಲಿನ ಹೆಬ್ಬೆರಳಾದರೆ ಇನ್ನೂ ಎಚ್ಚರ.
- ಗೆರೆಯ ಅಗಲ 3 ಮಿಲಿಮೀಟರ್ ಅಥವಾ ಹೆಚ್ಚು, ಅಥವಾ ತುದಿಗಿಂತ ಬುಡದಲ್ಲಿ ಅಗಲ. ಬುಡ ಅಗಲವಾಗಿದೆ ಎಂದರೆ ಬೇರಿನಲ್ಲಿರುವ ಚುಕ್ಕೆ ಬೆಳೆಯುತ್ತಿದೆ ಎಂದರ್ಥ.
- ಒಂದೇ ಗೆರೆಯಲ್ಲಿ ಕಂದು, ಕಪ್ಪು, ಬೂದು ಬೆರೆತಿರುವುದು, ಅಂಚು ಮಸುಕಾಗಿರುವುದು.
- ಉಗುರು ಸೀಳುವುದು, ಎದ್ದು ಬರುವುದು, ಅಡಿಯಿಂದ ರಕ್ತ ಜಿನುಗುವುದು.
- ಕಪ್ಪು ಬಣ್ಣ ಉಗುರನ್ನು ದಾಟಿ ಬುಡದ ಅಥವಾ ಪಕ್ಕದ ಚರ್ಮಕ್ಕೆ ಹರಡಿರುವುದು.

ಕೊನೆಯದಕ್ಕೆ ಹಚಿನ್ಸನ್ ಗುರುತು ಎನ್ನುತ್ತಾರೆ. ಜೊನಾಥನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 19ನೇ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಇದನ್ನು ನೋಡಲು ಬೆರಳನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಉಗುರಿನ ಬುಡದ ತೆಳು ಪೊರೆ ಗಾಜಿನಂತೆ ಪಾರದರ್ಶಕ. ಅಡಿಯ ಕಪ್ಪು ಅದರೊಳಗಿಂದ ಹಣಕುವುದೂ ಉಂಟು. ಪೊರೆಯನ್ನು ದಾಟಿ ಬೆರಳಿನ ಚರ್ಮದಲ್ಲೇ ಕಪ್ಪು ಕಾಣುತ್ತಿದ್ದರೆ ಅದು ಗುರುತು. ಎರಡರ ನಡುವೆ ಗೊಂದಲ ಆಗುವುದು ಸಹಜ, ಆದ್ದರಿಂದ ಕಂಡರೆ ತೋರಿಸಿ.

"ಬಾಗಿಲಿಗೆ ಬೆರಳು ಸಿಕ್ಕಿತ್ತು, ಅದೇ ರಕ್ತ ಹೆಪ್ಪುಗಟ್ಟಿದೆ" ಎನ್ನುವವರು ಹೀಗೆ ಮಾಡಿ. ಕಪ್ಪಿನ ಹಿಂದಿನ ಅಂಚು, ಅಂದರೆ ಬುಡದ ಕಡೆಯ ಅಂಚು ಇರುವಲ್ಲಿ ಉಗುರಿನ ಮೇಲೆ ಉಗುರು ಅರದಿಂದ ಒಂದು ಸಣ್ಣ ಗೀರು ಹಾಕಿ, ಫೋಟೊ ತೆಗೆದಿಡಿ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್, ಕಾಲುಗುರು 1ರಿಂದ 1.5 ಮಿಲಿಮೀಟರ್ ಬೆಳೆಯುತ್ತದೆ. ಹೆಪ್ಪುಗಟ್ಟಿದ ರಕ್ತವಾದರೆ ಗೀರಿನ ಜೊತೆಗೇ ಮುಂದೆ ಸರಿಯುತ್ತದೆ, ಬುಡದಲ್ಲಿ ಬಿಳಿ ಉಗುರು ಹುಟ್ಟುತ್ತದೆ. ಗೀರು ಮುಂದೆ ಹೋಗಿ ಕಪ್ಪು ಬುಡದಲ್ಲೇ ಉಳಿದರೆ ಅದು ಪೆಟ್ಟಲ್ಲ. ಕೈಯುಗುರಿಗೆ ಆರು ವಾರ, ಕಾಲುಗುರಿಗೆ ಎರಡು ಮೂರು ತಿಂಗಳು ಸಾಕು, ತಿಳಿಯುತ್ತದೆ. ಮೇಲಿನ ಪಟ್ಟಿಯ ಬೇರೆ ಗುರುತುಗಳೂ ಇದ್ದರೆ ಅಷ್ಟೂ ಕಾಯಬೇಡಿ.

ಇನ್ನೊಂದು ಮೋಸ ಉಗುರುಸುತ್ತು. ಕೀವು, ಕೆಂಪು, ಮಾಂಸ ಉಬ್ಬಿ ಬಂದಿದೆ, ಮಾತ್ರೆ ಮುಗಿಯಿತು, ಮುಲಾಮು ಮುಗಿಯಿತು, ಉಗುರನ್ನೂ ಕಿತ್ತದ್ದಾಯಿತು, ಆದರೂ ಮಾಯಲಿಲ್ಲ. ಮೆಲನೋಮಾ ಕಪ್ಪಗೇ ಇರಬೇಕೆಂದಿಲ್ಲ. ಬಣ್ಣವನ್ನೇ ತಯಾರಿಸದ, ಹಸಿ ಮಾಂಸದಂತೆ ಗುಲಾಬಿಯಾಗಿ ಕಾಣುವ ಬಗೆಯೂ ಇದೆ. ಒಂದೇ ಉಗುರಿಗೆ ಫಂಗಸ್ ಔಷಧಿ ತಿಂಗಳುಗಟ್ಟಲೆ ನಡೆಯುತ್ತಿದ್ದರೆ, ಉಗುರಿನ ಪುಡಿಯಲ್ಲಿ ಫಂಗಸ್ ಇರುವುದನ್ನು ಪರೀಕ್ಷೆಯಲ್ಲಿ ನೋಡಿದ್ದಾರಾ ಎಂದು ಕೇಳಿ.

ಹಂತ 4: ಆಣಿಯೋ, ಬೇರೇನೋ?

ಅಡಿಕೆ ತೋಟದ ಕೆಲಸಕ್ಕೆ ಬರಿಗಾಲಲ್ಲಿ ಹೋಗುವ ಹೆಂಗಸೊಬ್ಬರು ಒಂದೂವರೆ ವರ್ಷ ಆಣಿ ಎಂದು ಕಾರ್ನ್ ಪಟ್ಟಿ ಅಂಟಿಸಿಕೊಂಡಿದ್ದರು. ಪಟ್ಟಿ ತೆಗೆದಾಗ ನಡುವೆ ಹುಣ್ಣು, ಒಂದು ಬದಿಯಲ್ಲಿ ಮಾತ್ರ ಅರ್ಧಚಂದ್ರದಂತೆ ಬೂದುಗಪ್ಪು ಅಂಚು. ಆ ತೆಳು ಅಂಚೇ ರೋಗದ ಹೆಸರು ಹೇಳಿತು. ನೋವು ಇರಲಿಲ್ಲ, ಅದಕ್ಕೇ ತಡ ಮಾಡಿದ್ದರು.

ಆಣಿಯ ನಡುವೆ ಗಾಜಿನಂಥ ಗಟ್ಟಿ ತಿರುಳು ಇರುತ್ತದೆ, ಮೇಲಿನಿಂದ ಒತ್ತಿದರೆ ನೋಯುತ್ತದೆ. ನರಹುಲಿಯನ್ನು ಪಕ್ಕದಿಂದ ಹಿಸುಕಿದರೆ ನೋವು, ಹೆರೆದರೆ ಸೂಜಿಮೊನೆಯಂಥ ಕಪ್ಪು ಚುಕ್ಕೆ ಕಾಣುತ್ತವೆ. ಕಾಲಿನ ಯಾವುದೇ ಗಾಯ, ಗಂಟಿನ ವಿಷಯದಲ್ಲಿ ಐದು ಪ್ರಶ್ನೆ ಕೇಳಿಕೊಳ್ಳಿ. ಯಾವ ಭಾಗದಲ್ಲಾದರೂ ಬೇರೆ ಬಣ್ಣ ಇದೆಯೇ? ಇದೇನೆಂದು ಯಾರಾದರೂ ಖಚಿತವಾಗಿ ಹೇಳಿದ್ದಾರೆಯೇ? ರಕ್ತ ಬರುತ್ತದೆಯೇ? ಚಿಕಿತ್ಸೆ ನಡೆಯುತ್ತಿದ್ದರೂ ದೊಡ್ಡದಾಗುತ್ತಿದೆಯೇ? ಎರಡು ತಿಂಗಳಾದರೂ ಮಾಯ್ದಿಲ್ಲವೇ? ಎರಡಕ್ಕೆ ಉತ್ತರ ಅನುಮಾನದ ಕಡೆ ವಾಲಿದರೂ ಚರ್ಮರೋಗ ತಜ್ಞರ ಬಳಿ ಹೋಗಿ.

ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಒತ್ತಿ ಹೇಳಬೇಕು. ಕಾಲಿನ ಹುಣ್ಣನ್ನೆಲ್ಲ ಶುಗರಿನ ತಲೆಗೆ ಕಟ್ಟಿ, ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸುತ್ತಾ ವರ್ಷ ಕಳೆಯುವವರಿದ್ದಾರೆ. ಶುಗರ್ ಹಿಡಿತದಲ್ಲಿದೆ, ರಕ್ತ ಸಂಚಾರ ಸರಿ ಇದೆ, ಕಾಲಿಗೆ ಭಾರ ಬೀಳದಂತೆಯೂ ನೋಡಿಕೊಂಡಿದ್ದೀರಿ, ಆದರೂ ಹುಣ್ಣು ಕುಗ್ಗುತ್ತಿಲ್ಲ ಎಂದಾದರೆ ಅಂಚಿನ ತುಣುಕು ಪರೀಕ್ಷೆಗೆ ಹೋಗಲೇಬೇಕು. ಕುಷ್ಠದಿಂದ ಸ್ಪರ್ಶ ಹೋಗಿ ಅಂಗಾಲಿನಲ್ಲಿ ವರ್ಷಗಳಿಂದ ಹುಣ್ಣು ಇರುವವರಿಗೂ ಇದೇ ಮಾತು.

ಹಂತ 5: ಹಳೆಯ ಕಲೆ, ಸೊಂಟದ ಪಟ್ಟಿ

ಇಲ್ಲಿ ಬರುವುದು ಬೇರೆ ಬಗೆ: ಸ್ಕ್ವಾಮಸ್ ಸೆಲ್ ಕ್ಯಾನ್ಸರ್, ಚರ್ಮದ ಮೇಲ್ಪದರದ ಕೋಶಗಳದ್ದು. ಚಿಕ್ಕಂದಿನಲ್ಲಿ ಒಲೆಗೆ ಬಿದ್ದೋ ಬಿಸಿನೀರು ಚೆಲ್ಲಿಕೊಂಡೋ ಆದ ಸುಟ್ಟ ಕಲೆಯಲ್ಲಿ ಮೂವತ್ತು ವರ್ಷದ ಮೇಲೂ ಇದು ಹುಟ್ಟಬಹುದು. ಮಾರ್ಜೊಲಿನ್ ಹುಣ್ಣು ಎಂದು ಇದರ ಹೆಸರು. ಮೊಣಕಾಲಿನ ಹಿಂದೆ, ಮೊಣಕೈ ಮಡಿಕೆಯಲ್ಲಿ, ಕಲೆ ಪದೇ ಪದೇ ಬಿರಿಯುವ ಕಡೆ ಹೆಚ್ಚು. ಬಿರಿದ ಗಾಯದ ಅಂಚು ದಪ್ಪಗಾಗಿ ಹೊರಳಿಕೊಂಡರೆ, ಹೂಕೋಸಿನಂತೆ ಮಾಂಸ ಬೆಳೆದರೆ, ಕೆಟ್ಟ ವಾಸನೆಯ ನೀರು ಸುರಿದರೆ ತಡ ಮಾಡಬೇಡಿ.

ಸೊಂಟದ್ದು ನಮ್ಮ ಉಡುಗೆಗೆ ಅಂಟಿದ ರೋಗ. ಲಂಗದ ಲಾಡಿಯನ್ನು ಹತ್ತಾರು ವರ್ಷ ಒಂದೇ ಕಡೆ ಬಿಗಿದು ಕಟ್ಟಿ, ಅಲ್ಲಿ ಕಪ್ಪು ಪಟ್ಟಿಯಾಗಿ, ತುರಿಕೆಯಾಗಿ, ಸಿಪ್ಪೆ ಏಳುತ್ತದೆ. ಬಹಳ ಜನರಿಗೆ ಅಷ್ಟಕ್ಕೇ ನಿಲ್ಲುತ್ತದೆ. ಅಪರೂಪಕ್ಕೆ ಆ ಪಟ್ಟಿಯಲ್ಲೇ ಹುಣ್ಣಾಗಿ ಕ್ಯಾನ್ಸರಿಗೆ ತಿರುಗುತ್ತದೆ. ವೈದ್ಯಕೀಯ ಬರಹಗಳಲ್ಲಿ ಸೀರೆ ಕ್ಯಾನ್ಸರ್, ಪಂಚೆ ಕ್ಯಾನ್ಸರ್ ಎಂದೇ ಇದನ್ನು ಕರೆದಿದ್ದಾರೆ. ಕಾಶ್ಮೀರದಲ್ಲಿ ಚಳಿಗೆ ಫೆರನ್ ಎಂಬ ನಿಲುವಂಗಿಯ ಒಳಗೆ ಇಟ್ಟುಕೊಳ್ಳುವ ಕಾಂಗ್ಡಿ ಎಂಬ ಕೆಂಡದ ಮಡಕೆಯಿಂದ ತೊಡೆ, ಹೊಟ್ಟೆಯ ಮೇಲೆ ಬರುವುದೂ ಇದೇ ಜಾತಿಯದು. ಲಾಡಿಯ ಬದಲು ಅಗಲ ಪಟ್ಟಿ ಹೊಲಿಸಿಕೊಳ್ಳಿ, ಕಟ್ಟುವ ಜಾಗವನ್ನು ಆಗಾಗ ಮೇಲೆ ಕೆಳಗೆ ಬದಲಿಸಿ. ಅಲ್ಲಿ ಹುಣ್ಣಾಗಿ ಒಂದು ತಿಂಗಳಲ್ಲಿ ಮಾಯದಿದ್ದರೆ ತೋರಿಸಿ. ಹೆಂಗಸರು ನಾಚಿಕೆಗೆ ಇದನ್ನು ಹೇಳುವುದಿಲ್ಲ. ಅಮ್ಮನನ್ನು, ಅತ್ತೆಯನ್ನು ನೀವೇ ಕೇಳಿ.

ಇನ್ನು ಬೇಗ ಹೇಳಿ ಮುಗಿಸಬಹುದಾದ ಎರಡು. ಮುಖದಲ್ಲಿ ಮೂಗಿನ ಪಕ್ಕ, ಕಣ್ಣಿನ ಕೆಳಗೆ ಹೊಳಪಿನ ಕಪ್ಪು ಮಣಿಯಂತೆ ಎದ್ದು, ನಡುವೆ ಹಕ್ಕಳೆಗಟ್ಟಿ ಉದುರಿ ಮತ್ತೆ ಕಟ್ಟುವುದು ಬೇಸಲ್ ಸೆಲ್ ಕ್ಯಾನ್ಸರ್ ಇರಬಹುದು. ದೂರ ಹರಡುವುದು ತೀರಾ ಅಪರೂಪ, ಆದರೆ ಅಕ್ಕಪಕ್ಕದ ಮಾಂಸವನ್ನು ತಿನ್ನುತ್ತದೆ. ನಮ್ಮಲ್ಲಿ ಇದು ಕಪ್ಪಗಿರುವುದರಿಂದ ಮಚ್ಚೆ ಎಂದೇ ಬಿಟ್ಟುಬಿಡುತ್ತಾರೆ. ಎರಡನೆಯದು, ಗುದದ್ವಾರದ ಮೆಲನೋಮಾ. ರಕ್ತ ಹೋಗುತ್ತದೆ, ಗಂಟು ಸಿಗುತ್ತದೆ, ಮೂಲವ್ಯಾಧಿ ಎಂದು ಔಷಧಿ ನಡೆಯುತ್ತದೆ. ಪರೀಕ್ಷಿಸದೆ ಮೂಲವ್ಯಾಧಿ ಎಂದು ಯಾರೇ ಹೇಳಿದರೂ ಒಪ್ಪಬೇಡಿ.

ಹಂತ 6: ವೈದ್ಯರ ಬಳಿ ಹೋಗುವ ಮುನ್ನ ಮಾಡಬಾರದ್ದು

ಸುಣ್ಣ ಮತ್ತು ಸೋಡಾ ಹಚ್ಚಬೇಡಿ. ಕುದುರೆ ಕೂದಲು ಕಟ್ಟಬೇಡಿ. ಬ್ಲೇಡಿನಿಂದ ಕೆತ್ತಬೇಡಿ. ಬ್ಯೂಟಿ ಪಾರ್ಲರಿನಲ್ಲಿ ಸುಡಿಸಬೇಡಿ, ಲೇಸರ್ ಮಾಡಿಸಬೇಡಿ. ಸುಟ್ಟ ಮೇಲೆ ಪರೀಕ್ಷೆಗೆ ಕೊಡಲು ಏನೂ ಉಳಿಯುವುದಿಲ್ಲ. ಮೇಲೆ ಮಾಯ್ದಂತೆ ಕಂಡು ಒಳಗೆ ಬೆಳೆಯುತ್ತದೆ.

ವೈದ್ಯರಿಗೆ ಹೇಳಲು ನಾಲ್ಕು ಸಾಲು ಬರೆದುಕೊಂಡು ಹೋಗಿ: ಯಾವಾಗ ಮೊದಲು ಕಂಡಿರಿ, ಹೇಗೆ ಬದಲಾಯಿತು, ಇದುವರೆಗೆ ಏನೇನು ಹಚ್ಚಿದಿರಿ, ಮನೆಯಲ್ಲಿ ಯಾರಿಗಾದರೂ ಇತ್ತೇ. ಕಾಲಿನದ್ದಾದರೆ ತೊಡೆಸಂದಿನಲ್ಲಿ, ಕೈಯದ್ದಾದರೆ ಕಂಕುಳಲ್ಲಿ ಗಂಟು ಸಿಗುತ್ತದೆಯೇ ಎಂದು ಮುಟ್ಟಿ ನೋಡಿಕೊಂಡು ಹೇಳಿ.

ವೈದ್ಯರು ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿ ಇಟ್ಟು ನೋಡುತ್ತಾರೆ. ನೋವಿಲ್ಲ. ಅಂಗಾಲಿನಲ್ಲೂ ಹೆಬ್ಬೆಟ್ಟಿನ ಗುರುತಿನಂತೆ ದಿಣ್ಣೆ ಮತ್ತು ಸಾಲುಗಳಿವೆ, ಉತ್ತ ಹೊಲದ ಹಾಗೆ. ಸಾಮಾನ್ಯ ಮಚ್ಚೆಯ ಬಣ್ಣ ತಗ್ಗಿನ ಸಾಲಿನಲ್ಲಿ ನಿಲ್ಲುತ್ತದೆ. ಮೆಲನೋಮಾದ ಬಣ್ಣ ದಿಣ್ಣೆಯ ಮೇಲೆ ನಿಲ್ಲುತ್ತದೆ. ದಿಣ್ಣೆ ಯಾವುದೆಂದು ಗುರುತಿಸಲು ಬೆವರು ರಂಧ್ರಗಳ ಬಿಳಿ ಚುಕ್ಕೆಗಳೇ ದಾರಿ, ಅವು ಸಾಲಾಗಿ ದಿಣ್ಣೆಯ ಮೇಲೇ ಇರುತ್ತವೆ. ಇಷ್ಟು ಸಣ್ಣ ಗುರುತು ಎಷ್ಟೋ ಮಂದಿಯನ್ನು ಬೇಡದ ಶಸ್ತ್ರಚಿಕಿತ್ಸೆಯಿಂದ ಉಳಿಸಿದೆ, ಕೆಲವರ ಜೀವವನ್ನೂ ಉಳಿಸಿದೆ.

ಹಂತ 7: ಬಯಾಪ್ಸಿ

ಬಯಾಪ್ಸಿ ಎಂದರೆ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. "ಕತ್ತಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ" ಎಂಬ ಭಯಕ್ಕೆ ಬಿದ್ದು ತಪ್ಪಿಸಿಕೊಂಡವರನ್ನು ನೋಡಿದಾಗ ಸಂಕಟವಾಗುತ್ತದೆ. ಬಯಾಪ್ಸಿಯಿಂದ ಮೆಲನೋಮಾ ಹರಡುವುದಿಲ್ಲ. ತಡ ಮಾಡುವುದರಿಂದ ಹರಡುತ್ತದೆ.

ಸಣ್ಣ ಮಚ್ಚೆಯಾದರೆ 1ರಿಂದ 3 ಮಿಲಿಮೀಟರ್ ಅಂಚು ಬಿಟ್ಟು ಪೂರ್ತಿ ತೆಗೆಯುವುದು ಒಳ್ಳೆಯದು. ಅಂಗಾಲಿನ ದೊಡ್ಡದಾದರೆ ಅತಿ ದಪ್ಪ ಅಥವಾ ಅತಿ ಕಪ್ಪಾದ ಕಡೆಯಿಂದ ಆಳದ ತುಣುಕು. ಉಗುರಿನ ಗೆರೆಯಾದರೆ ಉಗುರಿನ ಬೇರಿನಿಂದಲೇ ತೆಗೆಯಬೇಕು, ಉಗುರಿನ ಚೂರು ಕೊಟ್ಟರೆ ಪ್ರಯೋಜನವಿಲ್ಲ. ಇದಕ್ಕೆ ಅನುಭವ ಬೇಕು, ಆದ್ದರಿಂದ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗುವುದು ಒಳ್ಳೆಯದು. ಹುಣ್ಣಾದರೆ ನಡುವಿನ ಕೊಳೆತ ಭಾಗದಿಂದಲ್ಲ, ಅಂಚಿನಿಂದ, ಒಂದಕ್ಕಿಂತ ಹೆಚ್ಚು ಕಡೆ. ಸೂಜಿ ಚುಚ್ಚಿ ತೆಗೆಯುವ ಪರೀಕ್ಷೆ ತೊಡೆಸಂದಿನ ಗಂಟಿಗೆ ಸರಿ, ಚರ್ಮದ ಮಚ್ಚೆಗೆ ಸಾಲದು.

ನಮ್ಮೂರುಗಳಲ್ಲಿ ತುಣುಕಿನ ಬಾಟಲಿಯನ್ನು ರೋಗಿಯ ಕಡೆಯವರ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದುಂಟು. ಹಾಗಾದರೆ ನೋಡಿಕೊಳ್ಳಿ: ಒಳಗಿರುವುದು ತುಣುಕು ಕೆಡದಂತೆ ಕಾಯುವ ಫಾರ್ಮಲಿನ್ ದ್ರವ ಆಗಿರಬೇಕು, ನೀರೋ ಸಲೈನೋ ಆಗಿರಬಾರದು. ತುಣುಕು ಪೂರ್ತಿ ಮುಳುಗಿ ಅದರ ಹತ್ತು ಪಟ್ಟು ದ್ರವ ಇರಬೇಕು. ಹೆಸರು, ವಯಸ್ಸು, ತೆಗೆದ ಜಾಗ, ತಾರೀಕು ಬರೆದ ಚೀಟಿ ಮುಚ್ಚಳಕ್ಕಲ್ಲ, ಬಾಟಲಿಗೇ ಅಂಟಿರಬೇಕು. ವೈದ್ಯರ ಅನುಮಾನವೇನೆಂದು ಬರೆದ ಪತ್ರ ಜೊತೆಗಿರಲಿ. ಆಣಿ ಎಂದೋ ಮಚ್ಚೆ ಎಂದೋ ಆಪರೇಷನ್ ಮಾಡಿ ತೆಗೆದದ್ದು ಯಾವುದೇ ಇರಲಿ, "ಪರೀಕ್ಷೆಗೆ ಕಳಿಸುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಬಕೆಟ್ಟಿಗೆ ಹೋದ ತುಣುಕು ಮತ್ತೆ ಸಿಗುವುದಿಲ್ಲ.

ಹಂತ 8: ವರದಿ ಬಂದ ಮೇಲೆ

ಮೆಲನೋಮಾ ಎಂದಿದ್ದರೆ ಮೊದಲು ಹುಡುಕಬೇಕಾದ್ದು ಬ್ರೆಸ್ಲೋ ದಪ್ಪ. ಚರ್ಮದ ಮೇಲಿನಿಂದ ಎಷ್ಟು ಆಳಕ್ಕೆ ಇಳಿದಿದೆ ಎಂಬ ಅಳತೆ ಅದು, ಮಿಲಿಮೀಟರಿನಲ್ಲಿ. ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ಇದನ್ನು ಹೇಳಿದರು. 1 ಮಿಲಿಮೀಟರ್ ಒಳಗಿದ್ದರೆ ಬಹುಪಾಲು ಜನ ಶಸ್ತ್ರಚಿಕಿತ್ಸೆಯಲ್ಲೇ ಗುಣವಾಗುತ್ತಾರೆ. 4 ದಾಟಿದರೆ ಹರಡುವ ಅಪಾಯ ಬಹಳ. "ಇನ್ ಸೈಟು" ಎಂದಿದ್ದರೆ ಇನ್ನೂ ಮೇಲ್ಪದರದಲ್ಲೇ ಇದೆ ಎಂದರ್ಥ. "ಅಲ್ಸರೇಶನ್" ಎಂದರೆ ಮೇಲೆ ಹುಣ್ಣಾಗಿದೆ, "ಮಾರ್ಜಿನ್" ಎಂದರೆ ಕತ್ತರಿಸಿದ ಅಂಚಿನಲ್ಲಿ ರೋಗ ಉಳಿದಿದೆಯೇ ಎಂಬ ಮಾಹಿತಿ. ದಪ್ಪ 0.8 ಮಿಲಿಮೀಟರ್ ಮುಟ್ಟಿದ್ದರೆ ಅಥವಾ ಹುಣ್ಣಾಗಿದ್ದರೆ, ರೋಗ ಮೊದಲು ತಲುಪುವ ಹಾಲ್ರಸ ಗ್ರಂಥಿಯ (ಲಿಂಫ್ ನೋಡ್) ಪರೀಕ್ಷೆ ಬೇಕೇ ಎಂದು ಕೇಳಿ.

ಅಲ್ಲಿಂದ ಮುಂದೆ ಕ್ಯಾನ್ಸರ್ ಆಸ್ಪತ್ರೆಯ ದಾರಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಇದೆ, ಕಲಬುರಗಿಯಲ್ಲಿ ಅದರ ಕೇಂದ್ರವಿದೆ. ಬಿಪಿಎಲ್ ಕಾರ್ಡು ಇರುವವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಖಾಸಗಿಗೆ ಹೋಗುವುದಿದ್ದರೆ ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕೇ ಎಂದು ಮೊದಲೇ ವಿಚಾರಿಸಿ. ವರದಿಯ ಕಾಗದವನ್ನಷ್ಟೇ ಒಯ್ದರೆ ಸಾಲದು. ಲ್ಯಾಬಿನಿಂದ ಸ್ಲೈಡುಗಳನ್ನೂ ಮೇಣದಲ್ಲಿ ಹುದುಗಿಸಿದ ತುಣುಕು, ಅಂದರೆ ಬ್ಲಾಕನ್ನೂ ಕೇಳಿ ಪಡೆದುಕೊಳ್ಳಿ. ಇಲ್ಲವಾದರೆ ಅದಕ್ಕಾಗಿಯೇ ಮತ್ತೆ ಊರಿಗೆ ಬರಬೇಕಾಗುತ್ತದೆ.

ಕ್ಯಾನ್ಸರ್ ಇಲ್ಲ ಎಂದು ಬಂದರೆ ನೆಮ್ಮದಿ. ಆದರೆ ಹಳೆಯ ಹುಣ್ಣಿನ ವರದಿಯಲ್ಲಿ "ಸ್ಯೂಡೋಎಪಿಥೀಲಿಯೋಮ್ಯಾಟಸ್ ಹೈಪರ್‌ಪ್ಲೇಸಿಯಾ" ಎಂಬ ಉದ್ದದ ಪದ ಕಂಡರೆ ಅಲ್ಲಿಗೇ ಬಿಡಬೇಡಿ. ಮೇಲ್ಪದರ ಅತಿಯಾಗಿ ಬೆಳೆದಿದೆ, ನೋಡಲು ಕ್ಯಾನ್ಸರಿನಂತಿದೆ, ಆದರೆ ಅಲ್ಲ ಎಂದು ಅದರ ಅರ್ಥ. ತುಣುಕು ತೆಳುವಾಗಿದ್ದರೆ ನಿಜವಾದ ಕ್ಯಾನ್ಸರ್ ಕೂಡ ಹಾಗೆ ಕಾಣಬಹುದು. ಅಂಥ ವರದಿ ಬಂದು ಆರು ವಾರ ಕಳೆದರೂ ಹುಣ್ಣು ದೊಡ್ಡದಾಗುತ್ತಲೇ ಇದ್ದರೆ ಅದೇ ವೈದ್ಯರ ಬಳಿ ಹೋಗಿ, ಈ ಸಲ ಇನ್ನೂ ಆಳದಿಂದ, ಇನ್ನೊಂದು ಅಂಚಿನಿಂದ ತುಣುಕು ತೆಗೆಯಲು ಕೇಳಿ.